ಪವರ್ ಎಂಬ ಪದ, ಉಸ್ತಾದರ ಬಲಗೈ

ಮಾತು ಕಳೆದುಕೊಂಡು ನನ್ನ ಹತ್ತಿರ ಬರುವವರಿಗೆ ಬೇಕಾದ ಪದಗಳು ಒಂದೆರಡಲ್ಲ. ನೀರು ಬೇಕು, ಚಹಾ ಬೇಕು, ಹೆಂಡತಿಯ ಹೆಸರು ಬೇಕು, ಸಿಟ್ಟು ಬಂದಾಗ ಬೈಯಲು ನಾಲ್ಕು ಮಾತೂ ಬೇಕು. ರಾಣೆಬೆನ್ನೂರಿನ ಉಸ್ತಾದರಿಗೆ ಮಾತ್ರ ಒಂದೇ ಒಂದು ಪದ ಬೇಕಾಗಿತ್ತು. ಅದೂ ಇಂಗ್ಲಿಷ್ ಪದ. ಪವರ್.

ಅವರದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟರನ್ನು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹಾಕಿ ಒಣಗಿಸಿ ಮತ್ತೆ ತಿರುಗುವಂತೆ ಮಾಡುವುದು ಅವರ ಕಸುಬು. ತಂದೆಯ ಕಾಲದಿಂದ ಬಂದ ಅಂಗಡಿ. ಊರೆಲ್ಲ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿತ್ತು. ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಲಕ್ವ ಹೊಡೆದಾಗ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಕಾಲು ಮೊದಲು ಬಂತು. ಆಮೇಲೆ ಕೈಗೆ ಬಲ ಬಂತು, ಲೋಟ ಹಿಡಿಯುವಷ್ಟು, ಸ್ಪ್ಯಾನರ್ ತಿರುಗಿಸುವಷ್ಟು. ಮಾತು ಬರಲಿಲ್ಲ. ಆಗ ಅವರ ತಮ್ಮ ಅವರನ್ನು ನನ್ನ ಹತ್ತಿರ ಕರೆತಂದರು.

ನಾನು ವಾಕ್ ಚಿಕಿತ್ಸಕಿ. ಮನೆಯೂ ಮುಖ್ಯ ಕೆಲಸವೂ ಹಾವೇರಿಯಲ್ಲಿ. ವಾರದಲ್ಲಿ ಒಂದು ದಿನ ಬ್ಯಾಡಗಿಗೆ, ಒಂದು ದಿನ ರಾಣೆಬೆನ್ನೂರಿಗೆ ಹೋಗಿ ಬರುತ್ತೇನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ನಾನೂ ಕೆಮ್ಮಿ, ಎದುರಿಗೆ ಕೂತವರೂ ಕೆಮ್ಮಿ ಅರ್ಧ ಪಾಠ ಹಾಗೇ ಹೋಗುತ್ತದೆ. ರಾಣೆಬೆನ್ನೂರಿನಲ್ಲಿ ನನಗಿರುವುದು ಒಂದು ಔಷಧಿ ಅಂಗಡಿಯ ಮೇಲಿನ ಕೋಣೆ. ಅಲ್ಲಿಗೆ ಮೆಟ್ಟಿಲು ಹತ್ತಿ ಬಂದ ಉಸ್ತಾದರು ಕುರ್ಚಿಯಲ್ಲಿ ಕೂತು ಸಲಾಂ ಹೇಳಿದರು. ಸ್ಪಷ್ಟವಾಗಿಯೇ ಹೇಳಿದರು. ಅಂಕಿ ಎಣಿಸಿದರು. ನಮಾಜಿನ ಸಾಲುಗಳನ್ನು ಎಲ್ಲೂ ತಡವರಿಸದೆ ಹೇಳಿದರು. ನೀರಿನ ಲೋಟ ತೋರಿಸಿ ಇದೇನು ಎಂದರೆ ಮಾತ್ರ ‘ಅದು… ಅದು…’ ಎಂದು ನಿಂತುಬಿಟ್ಟರು.

ಮನೆಯವರಿಗೆ ಅರ್ಥವಾಗದಿದ್ದದ್ದು ಇದೇ. ನಮಾಜು ಬರುತ್ತದೆ, ನೀರು ಬರುವುದಿಲ್ಲ ಅಂದರೆ ಬೇಕೆಂದೇ ಮಾಡುತ್ತಾರೋ ಏನೋ ಎಂದು ಅವರ ಹೆಂಡತಿಗೆ ಅನುಮಾನ. ನಾನು ಅವರನ್ನು ಭಾಭಿ ಎನ್ನುತ್ತಿದ್ದೆ. ರೂಢಿಯಿಂದ ಬರುವ ಮಾತಿಗೆ ತಲೆಯಲ್ಲಿ ಒಂದು ದಾರಿ, ಹುಡುಕಿ ತೆಗೆಯಬೇಕಾದ ಮಾತಿಗೆ ಇನ್ನೊಂದು ದಾರಿ, ಇವರಿಗೆ ಮುಚ್ಚಿದ್ದು ಎರಡನೆಯದು ಎಂದು ವಿವರಿಸಿದೆ. ಭಾಭಿ ತಲೆಯಾಡಿಸಿದರು, ನಂಬಿದಂತೆ ಕಾಣಲಿಲ್ಲ.

ತಮ್ಮನದು ಒಂದೇ ಶರತ್ತು. “ಮೇಡಂ, ನಮ್ಮ ಅಂಗಡಿಗೆ ಒಂದ ಮಾತು ಸಾಕ್ರಿ. ಪವರ್ ಅನ್ನಾಕ ಬಂದ್ರ ಭಾಯಿನ್ನ ನಾಳೆನ ಕುಂದರಸ್ತೇನಿ. ಬರಲಿಲ್ಲಂದ್ರ ಒಳಗ ಬಿಡಂಗಿಲ್ಲ.”

ಕೇಳಿದರೆ ಎಂಥ ಕಲ್ಲುಮನಸ್ಸಿನ ತಮ್ಮ ಅನಿಸಬಹುದು. ಹಾಗೇನಿಲ್ಲ, ಆ ಅಂಗಡಿಯ ಪದ್ಧತಿಯೇ ಹಾಗಿತ್ತು. ಮೋಟರ್ ಪರೀಕ್ಷೆ ಮಾಡುವ ಮೇಜು ಒಳಗೆ, ಮೇನ್ ಸ್ವಿಚ್ ಬಾಗಿಲ ಹತ್ತಿರ. ಒಳಗೆ ಕೂತವರು ತಂತಿ ಜೋಡಿಸಿ ಕೈ ಹಿಂದೆ ತೆಗೆದುಕೊಂಡು ‘ಪವರ್’ ಎನ್ನಬೇಕು, ಆಗ ಹೊರಗಿದ್ದವರು ಸ್ವಿಚ್ ಎತ್ತಬೇಕು. ‘ಬಂದ್’ ಎಂದರೆ ಇಳಿಸಬೇಕು. ತಂದೆಯ ಕಾಲದಲ್ಲಿ ಬಾಗಿಲಲ್ಲಿ ನಿಂತ ಗಿರಾಕಿಯೊಬ್ಬ ಮಾತಿನ ನಡುವೆ ಕರೆಂಟ್ ಎಂದನಂತೆ, ಸ್ವಿಚ್ಚಿನ ಹತ್ತಿರ ಇದ್ದವರು ಎತ್ತಿಯೇಬಿಟ್ಟರಂತೆ, ಒಳಗಿದ್ದವರ ಬೆರಳು ಸುಟ್ಟಿತಂತೆ. ಅಂದಿನಿಂದ ತಂದೆ ಕಟ್ಟುಮಾಡಿದರು: ಸ್ವಿಚ್ ಎತ್ತಲು ಪವರ್ ಎಂಬ ಒಂದೇ ಮಾತು, ಬೇರೆ ಯಾವ ಕಾರಣಕ್ಕೂ ಆ ಮಾತನ್ನು ಅಂಗಡಿಯಲ್ಲಿ ಆಡಕೂಡದು. ಬೀದಿಯವರು ಲೈಟ್ ಹೋಯಿತು, ಕರೆಂಟ್ ಬಂತು ಎಂದು ದಿನವಿಡೀ ಒದರಲಿ, ಅಡ್ಡಿಯಿಲ್ಲ. ಆ ಮನೆಯವರು ಕನ್ನಡಕಕ್ಕೂ ಪವರ್ ಎನ್ನುತ್ತಿರಲಿಲ್ಲ, ನಂಬರ್ ಎನ್ನುತ್ತಿದ್ದರು.

‘ಬಂದ್’ ಮೊದಲ ವಾರವೇ ಬಂತು. ‘ಪವರ್’ ಬರಲಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆ ಮಳೆಗಾಲದಲ್ಲಿ ನನ್ನ ಅಕ್ಕ ತೀರಿಕೊಂಡಿದ್ದಳು. ನಾವಿಬ್ಬರೇ ಒಂದೇ ಮನೆಯಲ್ಲಿದ್ದೆವು. ದಿನಕರ್ಮ ಮುಗಿಸಿ ಕೆಲಸಕ್ಕೆ ಬಂದೆ. ಅಳು ಬಂದಿರಲಿಲ್ಲ, ಊಟ ಸಪ್ಪಗಿದೆಯೋ ಉಪ್ಪಾಗಿದೆಯೋ ತಿಳಿಯುತ್ತಿರಲಿಲ್ಲ, ಯಾರು ಏನು ಹೇಳಿದರೂ ಗೋಡೆಯ ಆಚೆಯಿಂದ ಕೇಳಿದಂತೆ ಇರುತ್ತಿತ್ತು. ಹಾವೇರಿಯ ನಮ್ಮ ಕೇಂದ್ರದ ಫಿಜಿಯೋಥೆರಪಿಸ್ಟ್ ಹುಡುಗಿ ಒಮ್ಮೆ ಅತ್ತುಬಿಡ್ರಿ ಮೇಡಂ ಎಂದಳು. ಅಳುವುದೇನು ನಲ್ಲಿ ತಿರುಗಿಸಿದ ಹಾಗೆಯೇ? ಕೆಲಸ ಮಾತ್ರ ಸರಿಯಾಗಿ ಮಾಡುತ್ತಿದ್ದೆ. ಕೆಲಸಕ್ಕೆ ಮನಸ್ಸು ಬೇಕಾಗಿಲ್ಲ, ಅಭ್ಯಾಸ ಸಾಕು ಎಂದು ಆಗ ಗೊತ್ತಾಯಿತು.

ಒಂದು ಪದ ಸಿಗದಿದ್ದರೆ ಅದರ ನೆಂಟರನ್ನು ವಿಚಾರಿಸುವುದು ನಮ್ಮಲ್ಲಿ ಒಂದು ಕ್ರಮ. ದೊಡ್ಡ ಹಾಳೆಯ ನಡುವೆ ಜಾಗ ಖಾಲಿ ಬಿಟ್ಟು ಸುತ್ತಲೂ ಪ್ರಶ್ನೆ ಬರೆಯುತ್ತೇವೆ. ಇದು ಯಾವ ಜಾತಿಯದು, ಏನು ಮಾಡುತ್ತದೆ, ಎಲ್ಲಿ ಸಿಗುತ್ತದೆ, ಇದಿಲ್ಲದಿದ್ದರೆ ಏನಾಗುತ್ತದೆ, ಇದಕ್ಕೆ ಬೇರೆ ಹೆಸರೇನು. ಸುತ್ತಲಿನವು ಒಂದೊಂದಾಗಿ ಎದ್ದರೆ ನಡುವಿನದೂ ಏಳುತ್ತದೆ. ಕುರ್ಚಿ, ಬಾಳೆಹಣ್ಣು, ಸೈಕಲ್ಲಿನಂಥ ಚಿತ್ರ ಬಿಡಿಸಬಹುದಾದ ಪದಗಳಿಗೆ ಇದು ಚೆನ್ನ. ಪವರಿಗೆ ಯಾವ ಚಿತ್ರ ಬಿಡಿಸುವುದು? ಬಲ್ಬ್ ಬಿಡಿಸಿದೆ, ಉಸ್ತಾದರು ‘ಲೈಟ್’ ಎಂದರು. ಕಂಬ ಬಿಡಿಸಿದೆ, ಬಹಳ ಹೊತ್ತು ತಡಕಾಡಿ ‘ಕರೆಂಟ್’ ಎಂದರು. ತೋಳು ಮಡಚಿದ ಪೈಲವಾನನನ್ನು ಬಿಡಿಸಿದೆ, ‘ತಾಕತ್’ ಎಂದರು, ನಕ್ಕರು. ಮೋಡದಿಂದ ಇಳಿಯುವ ಸಿಡಿಲಿಗೆ ಉರ್ದುವಿನಲ್ಲಿ ‘ಬಿಜಲಿ’ ಬಂತು.

ಬಂದದ್ದನ್ನು ಬರೆಯುತ್ತ ಹೋದೆ. ಪಾಠಕ್ಕೆ ಬೇಕೆಂದು ಬಸ್ಸಿನಲ್ಲಿ, ಚಹಾದಂಗಡಿಯಲ್ಲಿ ಜನ ಆ ಪದವನ್ನು ಎಲ್ಲೆಲ್ಲಿ ಇಡುತ್ತಾರೆಂದು ಕಿವಿಗೊಟ್ಟೆ. ಗುಳಿಗೆಯ ಪವರ್ ಜಾಸ್ತಿಯಾಗಿ ಹೊಟ್ಟೆ ಉರಿಯುತ್ತದೆ. ಪವರ್ ಇದ್ದವರ ಕೈಯಲ್ಲಿ ಕೆಲಸ ಬೇಗ ಆಗುತ್ತದೆ, ಅಲ್ಲಿ ಅದು ಅಧಿಕಾರ. ಎತ್ತಿಗೆ ಇರುವುದು ಕಸುವು. ಜ್ವರ ಬಿಟ್ಟವರಿಗೆ ಇಲ್ಲದಿರುವುದು ತ್ರಾಣ. ಓಡುವವರಿಗೆ ದಮ್. ದೇವರಿಗೂ ಪುಸ್ತಕದ ಭಾಷೆಗೂ ಶಕ್ತಿ. ವಿದ್ಯುತ್ ಎಂಬುದನ್ನು ಬಿಲ್ಲಿನ ಮೇಲೆ ಓದಿದ್ದು ಬಿಟ್ಟರೆ ಈ ಭಾಗದಲ್ಲಿ ಯಾರ ಬಾಯಲ್ಲೂ ಕೇಳಲಿಲ್ಲ. ಉಮೇದಿ ಎಂಬುದನ್ನು ಸೇರಿಸಬೇಕೋ ಬೇಡವೋ ಎಂದು ತುಸು ಹೊತ್ತು ಯೋಚಿಸಿದೆ. ಅದು ಬಲವಲ್ಲ, ಬಲ ಬಳಸುವ ಆಸೆ. ಅಕ್ಕ ಕಡೆಕಡೆಗೆ ಎರಡನ್ನೂ ಬೇರೆ ಮಾಡಿಯೇ ಹೇಳುತ್ತಿದ್ದಳು, “ತ್ರಾಣ ಐತಿ, ಉಮೇದಿ ಇಲ್ಲ” ಎಂದು. ಅದನ್ನು ಹಾಳೆಯಲ್ಲಿ ಬರೆಯಲಿಲ್ಲ.

ದೀಪಾವಳಿ ಕಳೆಯುವ ಹೊತ್ತಿಗೆ ಉಸ್ತಾದರು ನೆಂಟರನ್ನೆಲ್ಲ ಬಾಯಿಗೆ ತಂದುಕೊಂಡಿದ್ದರು. ನೀರು, ಲೋಟ, ಚಹಾ ಕೂಡ ಬಂದವು. ಆದರೆ ನಡುವಿನ ಖಾಲಿ ಜಾಗ ತೋರಿಸಿದರೆ ಕರೆಂಟ್, ಲೈಟ್, ತಾಕತ್ ಒಂದರ ಮೇಲೊಂದು ಬಿದ್ದು ಹೊರಬರುತ್ತಿದ್ದವು, ಬೇಕಾದದ್ದು ಮಾತ್ರ ಹಿಂದೆ ನಿಲ್ಲುತ್ತಿತ್ತು. ತಮ್ಮ ಒಂದು ದಿನ ಕೂತು ನೋಡಿ ಹೇಳಿದರು, ಮೊದಲು ಒಂದೂ ಬರುತ್ತಿರಲಿಲ್ಲ, ಈಗ ಹತ್ತು ಬರುತ್ತವೆ, ಗಿರಾಕಿ ಕೇಳಿದ್ದೊಂದು ಬಿಟ್ಟು ಅಂಗಡಿ ತುಂಬ ಮಾಲು ಇಟ್ಟಂತಾಯಿತು ಎಂದು. ನಾನು ಕೈಚೆಲ್ಲಿ, ಸ್ವಿಚ್ಚಿಗೆ ತಾಕತ್ ಎಂದೇ ಇಟ್ಟುಕೊಳ್ಳಿ ಎಂದೆ. ತಮ್ಮನಿಗಿಂತ ಮೊದಲು ಉಸ್ತಾದರೇ ಆಗದೆಂದು ಜೋರಾಗಿ ತಲೆಯಲ್ಲಾಡಿಸಿದರು. ಅಪ್ಪ ಕಟ್ಟಿದ ಕಟ್ಟು ಅದು.

ದಾರಿ ತೋರಿಸಿದ್ದು ಭಾಭಿ, ತಮಗೇ ಗೊತ್ತಿಲ್ಲದೆ. ಹಾಳೆ ಮಡಚುತ್ತಿದ್ದಾಗ, ಆ ಮಾತನ್ನು ಇವರು ಮೊದಲೂ ಮನೆಯಲ್ಲಿ ಆಡಿದವರಲ್ಲ ಎಂದು ಗೊಣಗಿದರು. ನನಗೆ ಹೊಳೆಯಿತು. ನಾನು ಅದನ್ನು ಎಲ್ಲ ಪದಗಳಂತೆ ಒಂದು ಪದ ಎಂದು ಹುಡುಕುತ್ತಿದ್ದೆ. ಅವರಿಗೆ ಅದು ಆ ಮೇಜಿನ ಮುಂದೆ ಕೂತು, ತಂತಿ ಜೋಡಿಸಿ, ಕೈ ಹಿಂದೆ ತೆಗೆದ ಮೇಲೆ ತಾನಾಗಿ ಬರುವ ಮಾತು, ನಮಾಜಿನ ಸಾಲಿನ ಹಾಗೆ. ಅದಕ್ಕಿದ್ದ ದಾರಿಯೇ ಬೇರೆ. ಔಷಧಿ ಅಂಗಡಿಯ ಮೇಲೆ ಕೂತು ನಾನು ಬೇರೆ ಬಾಗಿಲು ಬಡಿಯುತ್ತಿದ್ದೆ. ಪಾಠವನ್ನು ಅಂಗಡಿಗೆ ಒಯ್ಯಬೇಕು ಎಂದು ಅಲ್ಲಿಯೇ ತೀರ್ಮಾನಿಸಿದೆ.

ತಮ್ಮ ಒಪ್ಪಲು ಒಂದು ವಾರ ಹಿಡಿಯಿತು. ಕೊನೆಗೆ ಫ್ಯೂಸ್ ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡ ಮೇಲೆ ಅಣ್ಣನನ್ನು ಮೇಜಿನ ಮುಂದೆ ಕೂರಿಸಿದರು. ವಾರ್ನಿಶ್ಶಿನ ವಾಸನೆ, ಮೂಲೆಯಲ್ಲಿ ಸುಟ್ಟ ತಂತಿಯ ಗುಡ್ಡೆ, ಪಂಪು ಓಡಿಸಿ ನೋಡುವ ಸಿಮೆಂಟಿನ ತೊಟ್ಟಿ, ಅದರ ಸುತ್ತ ಯಾವಾಗಲೂ ಹಸಿಯಾಗಿರುವ ನೆಲ. ಉಸ್ತಾದರು ಮೋಟರನ್ನು ಹತ್ತಿರ ಎಳೆದುಕೊಂಡರು. ಹೆಚ್ಚಿನ ಕೆಲಸ ಎಡಗೈಯಲ್ಲಿ ಮಾಡಿದರು, ಬಲಗೈ ಆಸರೆಗೆ. ತಂತಿ ಜೋಡಿಸಿ, ಕೈ ಹಿಂದೆ ತೆಗೆದು, ತಮ್ಮನ ಕಡೆ ನೋಡಿ ಹೇಳಿದರು.

“ಪವರ್.”

ತಮ್ಮ ಅಭ್ಯಾಸಬಲದಿಂದ ಸ್ವಿಚ್ ಎತ್ತಿದರು. ಫ್ಯೂಸ್ ಜೇಬಿನಲ್ಲಿತ್ತು, ಮೋಟರ್ ತಿರುಗಲಿಲ್ಲ, ಎಲ್ಲರೂ ನಕ್ಕರು. ಭಾಭಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ನಕ್ಕೆ, ನಗುವ ಹೊತ್ತು ಎಂದು ಗೊತ್ತಿತ್ತು. ಒಳಗೆ ಏನೂ ಆಗಲಿಲ್ಲ. ಒಂದು ಕೆಲಸ ಮುಗಿಯಿತು ಅನಿಸಿತು, ಅಷ್ಟೇ.

ಇನ್ನೂ ಕೆಲವು ವಾರ ಫ್ಯೂಸ್ ಇಲ್ಲದೆ, ಆಮೇಲೆ ಫ್ಯೂಸ್ ಹಾಕಿ ಪಾಠ ನಡೆಸಿದೆವು. ಒಂದು ಸಲವೂ ಮಾತು ತಪ್ಪಲಿಲ್ಲ. ಉಸ್ತಾದರು ಅಂಗಡಿಯಲ್ಲಿ ಕೂತರು. ಸುದ್ದಿ ಹಬ್ಬಿ, ಅವರು ಬಿದ್ದಾಗ ಎದುರಿನ ಅಂಗಡಿಗೆ ಹೋಗಿದ್ದ ಗಿರಾಕಿಗಳು ಮತ್ತೆ ಬಂದರು. ಅವರು ಬರುತ್ತಿದ್ದುದು ಮಾತಿಗಲ್ಲ, ಕೈಗೆ. ಆ ಅಂಗಡಿಯಲ್ಲಿ ಇನ್ನೊಂದು ರೂಢಿಯಿತ್ತು. ಕಟ್ಟಿ ಮುಗಿಸಿದ ಮೋಟರನ್ನು ಓಡಲು ಬಿಟ್ಟು, ಉಸ್ತಾದರು ಬಲಗೈಯ ಹಿಂಬದಿಯನ್ನು ಅದರ ಮೈಮೇಲೆ ಮೆಲ್ಲಗೆ ಸವರುತ್ತಿದ್ದರು. ಒಳಗಿನ ಕರೆಂಟು ಹೊರಗಿನ ಕಬ್ಬಿಣಕ್ಕೆ ಎಲ್ಲಾದರೂ ಸೋರುತ್ತಿದ್ದರೆ ಚರ್ಮಕ್ಕೆ ಜುಂ ಎನ್ನುತ್ತದೆ. ಅಂಗೈ ಇಟ್ಟರೆ ಕರೆಂಟು ಕೈಯನ್ನು ಮುಷ್ಟಿ ಹಿಡಿಸಿ ಬಿಡಿಸದಂತೆ ಮಾಡಬಹುದು, ಅದಕ್ಕೆ ಹಿಂಬದಿ. ಸವರಿ ತಲೆಯಾಡಿಸಿದರೆ ಮೋಟರ್ ಪಾಸು. ಉಸ್ತಾದರ ಕೈ ಬಿದ್ದ ಮೋಟರಿಗೆ ಎಳೆ ಕೂಸನ್ನೂ ಒರಗಿಸಬಹುದು ಎಂದು ಹಳ್ಳಿಗಳಲ್ಲಿ ಹೇಳುತ್ತಿದ್ದರಂತೆ.

ನಾನು ವಾರಕ್ಕೊಮ್ಮೆ ಹೋಗಿ ಹೊಸ ಮಾತು ಕಲಿಸುವುದನ್ನು ಮುಂದುವರಿಸಿದೆ. ಒಂದು ಮಧ್ಯಾಹ್ನ ಕರ್ಜಗಿಯ ಗಿರಾಕಿಯೊಬ್ಬರು ಮನೆಯ ಸಣ್ಣ ಪಂಪು ತೆಗೆದುಕೊಂಡು ಹೋಗಲು ಬಂದು ಸ್ಟೂಲಿನ ಮೇಲೆ ಕೂತಿದ್ದರು. ಉಸ್ತಾದರು ಪವರ್ ಎಂದರು, ಪಂಪು ಓಡಿತು, ತೊಟ್ಟಿಯ ನೀರು ಸುತ್ತಿತು. ಕೈ ಸವರಿದರು, ತಲೆಯಾಡಿಸಿದರು. ಗಿರಾಕಿ ಎದ್ದು ನಿಂತರು. ಅವರಿಗೆ ದಾರಿ ಬಿಡಲು ನಾನು ಸರಿದೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟಿದ್ದೆ, ನೆಲ ಹಸಿಯಿತ್ತು. ನನ್ನ ಮಣಿಕಟ್ಟು ಪಂಪಿಗೆ ತಾಗಿತು.

ಮೊಳಕೈಗೆ ಯಾರೋ ಕೊಡಲಿಯ ಕಾವಿನಿಂದ ಹೊಡೆದಂತಾಯಿತು. ಹಿಂದಕ್ಕೆ ಕುಸಿದು ಕೂತೆ. ಉಸ್ತಾದರು ಬಂದ್ ಎಂದು ಕೂಗಿದರು, ತಮ್ಮ ಸ್ವಿಚ್ ಇಳಿಸಿದರು. ಎಲ್ಲರೂ ನನಗೆ ತಲೆ ಸುತ್ತು ಬಂದಿದೆ ಎಂದುಕೊಂಡು ನೀರು ತಂದರು. ಕರೆಂಟ್ ಹೊಡೆಯಿತು ಎಂದೆ. ಗಿರಾಕಿಯೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಿದರು.

“ಹಂಗ ಆಗಾಕ ಸಾಧ್ಯನ ಇಲ್ರಿ ಮೇಡಂ. ಭಾಯಿ ಈಗರ ಕೈಯಾಡಿಸಿ ನೋಡ್ಯಾರಲ್ರಿ.”

ಮೊಳಕೈ ಇನ್ನೂ ನೋಯುತ್ತಿತ್ತು, ಆದರೂ ನನಗೇ ಒಂದು ಕ್ಷಣ ಅನುಮಾನ ಬಂತು. ಲೈಟ್ ಹಾಕಿ ನೋಡ್ರಿ ಎಂದೆ. ಅವರಲ್ಲಿ ಬೇರೆ ಪ್ಲಗ್ಗಿನಿಂದ ಕರೆಂಟು ಪಡೆಯುವ ಟೆಸ್ಟ್ ಲ್ಯಾಂಪ್ ಇತ್ತು, ತಂತಿ ಸುತ್ತುವಾಗ ಒಳಗಿನ ದೋಷ ನೋಡಲು ಬಳಸುತ್ತಿದ್ದರು. ಓಡಿ ಬಿಸಿಯಾದ ಮೇಲಿನ ಕೊನೆಯ ಪರೀಕ್ಷೆ ಮಾತ್ರ ಯಾವಾಗಲೂ ಕೈಯದೇ. ತಮ್ಮ ಆ ದೀಪದ ಒಂದು ತುದಿಯನ್ನು ಮೋಟರಿನ ಮೈಗೆ, ಇನ್ನೊಂದನ್ನು ಅದರ ವೈರಿಗೆ ಇಟ್ಟರು. ಬಲ್ಬು ಮಂದವಾಗಿ ಹತ್ತಿತು. ಹತ್ತಬಾರದಿತ್ತು. ಗಿರಾಕಿ ಮೆಲ್ಲಗೆ ಮತ್ತೆ ಸ್ಟೂಲಿನ ಮೇಲೆ ಕೂತರು.

ಉಸ್ತಾದರ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಆದರೆ ಅದು ದಿನವೂ ಇರುತ್ತಿತ್ತು, ಆಗೆಲ್ಲ ಅವರಿಗೆ ಜುಂ ಎನ್ನುವುದು ಗೊತ್ತಾಗುತ್ತಿತ್ತು. ನಾನು ಅವರ ಬಲಗೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿಕೊಳ್ರಿ, ಮುಟ್ಟಿದಾಗ ಹಾಂ ಅನ್ರಿ ಎಂದೆ. ಪೆನ್ನಿನ ಮುಚ್ಚಳದಿಂದ ಒಂದೊಂದೇ ಬೆರಳು ಮುಟ್ಟಿದೆ. ಮುಂಗೈ ಮುಟ್ಟಿದೆ. ಗೆರೆ ಮೂಡುವಂತೆ ಒತ್ತಿದೆ. ಅವರು ಕಣ್ಣು ಮುಚ್ಚಿಕೊಂಡು ಕಾಯುತ್ತಲೇ ಇದ್ದರು, ನಾನಿನ್ನೂ ಶುರು ಮಾಡಿಲ್ಲ ಎಂಬಂತೆ. ಆಮೇಲೆ ಕಣ್ಣು ತೆರೆದು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಅವರಿಗೆ ಮೊದಲೇ ಗೊತ್ತಿತ್ತು.

ಗೊತ್ತಿದ್ದದ್ದು ಅವರೊಬ್ಬರಿಗೇ ಅಲ್ಲ. ಊಟದ ಡಬ್ಬಿ ತಂದಿದ್ದ ಭಾಭಿ ಬಾಗಿಲಲ್ಲಿ ನಿಂತು ಬಾಯಿಬಿಟ್ಟರು. ಹಿಂದೊಮ್ಮೆ ಉಸ್ತಾದರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಪಾಠಕ್ಕೆ ಬಂದಾಗ ಚಹಾ ಚೆಲ್ಲಿತು ಎಂದು ಭಾಭಿ ಹೇಳಿದ್ದರು, ನಿಜವಾಗಿ ಉಸ್ತಾದರು ಕಾದ ಹಂಚಿನ ಮೇಲೆ ಕೈ ಇಟ್ಟು ವಾಸನೆ ಬರುವವರೆಗೆ ಹಾಗೇ ನಿಂತಿದ್ದರಂತೆ. ಯಾರಿಗೂ ಹೇಳಬೇಡ ಎಂದು ಅವರು ಸನ್ನೆ ಮಾಡಿದರು, ಇವರು ಹೇಳಲಿಲ್ಲ. ಬಲ ಬರುವುದು ಬೇರೆ, ಸ್ಪರ್ಶ ಬರುವುದು ಬೇರೆ ಎಂದು ನಮ್ಮ ಫಿಜಿಯೋಥೆರಪಿಸ್ಟ್ ಹುಡುಗಿ ನೂರು ಸಲ ಹೇಳುತ್ತಾಳೆ. ಆದರೆ ತಮ್ಮ ಕೇಳಿದ್ದು ಬಾಯಿಯ ಮಾತನ್ನು, ನಾನು ಕೊಟ್ಟದ್ದೂ ಬಾಯಿಯ ಮಾತನ್ನು. ಎಲ್ಲರೂ ಬಾಯಿ ನೋಡುತ್ತ ಕೂತೆವು.

ಹಾಗಾದರೆ ಇವರು ಬಂದು ಕೂತ ಮೇಲೆ ಇಲ್ಲಿಂದ ಹೋದ ಮೋಟರುಗಳು? ಇದನ್ನು ನಾನೇ ಕೇಳಬೇಕಾಯಿತು. ತಮ್ಮ ಗಿರಾಕಿಯನ್ನು ಚಹಾ ಕುಡಿಯಲು ಕಳಿಸಿ ಬಂದು ದನಿ ತಗ್ಗಿಸಿದರು. ಎಲ್ಲವೂ ಹೀಗೆ ಇರುವುದಿಲ್ಲ, ಇದೊಂದು ಹೀಗಾಗಿದೆ, ಯಾರೂ ಫೋನ್ ಮಾಡಿ ದೂರು ಹೇಳಿಲ್ಲ, ಇನ್ನು ಮುಂದೆ ದೀಪ ಹಾಕಿಯೇ ಕೊಡೋಣ ಎಂದರು. “ಹೆಸರು ಹೋದ್ರ ಅಂಗಡಿ ಹೋದಂಗ್ರಿ ಮೇಡಂ. ನೀವ ಇಷ್ಟ ಕಷ್ಟಪಟ್ಟು ಕುಂದರಸೀರಿ.”

ನನಗೆ ಸಿಟ್ಟು ಬಂತು. ತಮ್ಮನ ಮೇಲೋ, ಮುಚ್ಚಿಟ್ಟ ಗಂಡಹೆಂಡಿರ ಮೇಲೋ, ನನ್ನ ಹಾಳೆಗಳ ಮೇಲೋ ತಿಳಿಯಲಿಲ್ಲ, ಆದರೆ ಕಿವಿ ಬಿಸಿಯಾಗುವಂಥ ಸಿಟ್ಟು. ಮಳೆಗಾಲದ ನಂತರ ನನಗೆ ಬಂದ ಮೊದಲ ಭಾವನೆ ಅದು.

“ಸತ್ತವರು ಫೋನ್ ಮಾಡಿ ಕಂಪ್ಲೇಂಟ್ ಕೊಡಂಗಿಲ್ಲ. ನೀವು ಮಾಡಲಿಲ್ಲಂದ್ರ ನಂಬರ್ ಕೊಡ್ರಿ, ನಾನ ಮಾಡ್ತೇನಿ.”

 ಉಸ್ತಾದರು ಬಾಯಿ ತೆರೆದರು, ‘ಅದು… ಅದು…’ ಎಂದರು, ಮತ್ತೆ ಮುಚ್ಚಿದರು. ಇಷ್ಟು ತಿಂಗಳು ಕಲಿಸಿದ್ದರಲ್ಲಿ ಅವರಿಗೆ ಆಗ ಬೇಕಾದ ಮಾತು ಒಂದೂ ಇರಲಿಲ್ಲ. ಎದ್ದು ಹೋಗಿ, ತಮ್ಮನ ಅಂಗಿಯ ಜೇಬಿನಿಂದ ಎಡಗೈಯಲ್ಲಿ ಮೊಬೈಲ್ ತೆಗೆದು ತಮ್ಮನ ಕೈಗೇ ಇಟ್ಟರು.

ಸಂಜೆಯವರೆಗೆ ಫೋನ್ ಮಾಡಿದರು. ಸ್ವಿಚ್ ಬಂದ್ ಮಾಡ್ರಿ, ಪಂಪು ಮುಟ್ಟಬ್ಯಾಡ್ರಿ, ಬಂದು ನೋಡತೇವಿ ಎಂದು ಒಬ್ಬೊಬ್ಬರಿಗೂ. ತಮ್ಮ, ಯಾಕೆ ಎಂದು ಕೇಳಿದವರಿಗೆ ತಂತಿ ಸರಿ ಇರಲಿಲ್ಲ, ವಾರ್ನಿಶ್ ಸರಿ ಇರಲಿಲ್ಲ ಎಂದು ಏನೇನೋ ಹೇಳಿದರು. ಉಸ್ತಾದರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ಎಲ್ಲರೂ ಸಿಕ್ಕರು, ಮೇಡ್ಲೇರಿಯ ಒಂದು ಮನೆ ಬಿಟ್ಟು. ಅಲ್ಲಿ ರಿಂಗ್ ಆಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಮೂರನೆಯ ಸಲವೂ ಎತ್ತದಿದ್ದಾಗ ಉಸ್ತಾದರು ಹೋಗಿ ಅಂಗಡಿಯ ಗೂಡ್ಸ್ ಆಟೋದಲ್ಲಿ ಕೂತರು. ನಾನೂ ಹತ್ತಿದೆ. ನನ್ನನ್ನು ಯಾರೂ ಕರೆಯಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ತಮ್ಮ ಆಟೋ ಓಡಿಸಿದರು, ಮೂವರೂ ಮೇಡ್ಲೇರಿ ಮುಟ್ಟಿದೆವು. ಊರ ಅಂಚಿನ ಮನೆ, ಮುಂದೆ ನೀರಿನ ತೊಟ್ಟಿ, ತೊಟ್ಟಿಯ ಪಕ್ಕ ಕಲ್ಲಿನ ಮೇಲೆ ಪಂಪು. ಪಂಪು ಓಡುತ್ತಿತ್ತು. ಒಬ್ಬ ಹೆಣ್ಣುಮಗಳು ಅದರ ಬಾಯಿಗೆ ಪೈಪು ಸರಿಮಾಡಲು ಬಗ್ಗುತ್ತಿದ್ದಳು. ತಮ್ಮ ಆಟೋ ನಿಲ್ಲಿಸುವ ಮೊದಲೇ ಉಸ್ತಾದರು ಇಳಿದು, ಸೊಟ್ಟಗಾಲು ಹಾಕುತ್ತ ಓಡಿ, ಬಾಯಿಂದ ಮಾತು ಹೊರಡದೆ ಬರೀ ದನಿ ಮಾಡುತ್ತ, ಗೋಡೆಯ ಬೋರ್ಡಿನಿಂದ ವೈರು ಕಿತ್ತರು. ಪಂಪು ನಿಂತಿತು.

ಅವಳು ಗಾಬರಿಯಿಂದ ನೋಡಿದಳು, ಆಮೇಲೆ ಗುರುತು ಹಿಡಿದಳು. ಬರ್ರಿ ಉಸ್ತಾದ್ರ ಎಂದು ಸೆರಗು ಸರಿಮಾಡಿಕೊಂಡಳು. ಅವಳ ಕಾಲಲ್ಲಿ ಗಂಡಸರ ದೊಡ್ಡ ರಬ್ಬರ್ ಚಪ್ಪಲಿ ಇದ್ದವು. ಪಂಪು ಮುಟ್ಟಿದರೆ ಏನಾದರೂ ಆಗುತ್ತಿದೆಯೇ ಎಂದು ನಾನು ಕೇಳಿದೆ.

“ತಂದ ದಿನದಿಂದ ಕೈ ಜುಂ ಅಂತೈತ್ರಿ. ನಮ್ಮನಿಯವರ ಚಪ್ಪಲಿ ಮೆಟ್ಟಿಕೊಂಡು ಮುಟ್ತೇನಿ.”

ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಎಂದೆ. ಅವಳಿಗೆ ನಾಚಿಕೆಯಾಯಿತು.

“ಉಸ್ತಾದ್ರು ಕೈಯಾಡಿಸಿ ಕೊಟ್ಟಾರಲ್ರಿ. ಅವರ ಕೈ ಸುಳ್ಳು ಹೇಳಂಗಿಲ್ಲ. ನನಗ ಏನೋ ನರದ ಬ್ಯಾನಿ ಆಗೈತಿ ಅಂದ್ಕೊಂಡೆ. ನಿನ್ನೆ ದವಾಖಾನಿಗೆ ಹೋಗಿ ಗುಳಗಿ ಸುದ್ದಾ ತಗೊಂಡು ಬಂದೇನಿ.”

ತಮ್ಮ ಮುಂದೆ ಬಂದು ವಾರ್ನಿಶ್ ಎಂದು ಶುರು ಮಾಡಿದರು. ಉಸ್ತಾದರು ಎಡಗೈಯಿಂದ ತಮ್ಮನ ಎದೆಗೆ ಅಡ್ಡ ಹಿಡಿದರು. ಆಮೇಲೆ ಬಲಗೈಯನ್ನು ಅವಳ ಮುಂದೆ ಚಾಚಿ, ಮಾತಿಗೆ ತಡಕಾಡಿದರು. ಮುಖ ಕೆಂಪಾಯಿತು. ನಾನು ಸಹಾಯ ಮಾಡಬಹುದಿತ್ತು, ಮೊದಲ ಅಕ್ಷರ ಹೇಳಿಕೊಡುವುದು ನನ್ನ ಕಸುಬು. ಹೇಳಿಕೊಡಲಿಲ್ಲ.

“ನನ್ನ ಕೈ… ಸತ್ತೈತಿ… ತಂಗಿ. ನಿನ್ನ ಕೈ… ಖರೇ.”

ನಾನು ಇದನ್ನು ಕಲಿಸಿರಲಿಲ್ಲ. ಅವಳು ಅವರ ಕೈಯನ್ನೂ ತನ್ನ ಕೈಯನ್ನೂ ನೋಡಿದಳು. ಆಮೇಲೆ ಒಳಗೆ ಹೋಗಿ ಎಲ್ಲರಿಗೂ ನೀರು ತಂದಳು. ಪಂಪನ್ನು ಆಟೋಕ್ಕೆ ಏರಿಸಿಕೊಂಡು ಬಂದೆವು.

ತರಿಸಿದ ಮೋಟರುಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇದ್ದವು. ಮೇಡ್ಲೇರಿಯದರ ಜೊತೆಗೆ ಬ್ಯಾಡಗಿಯ ಒಂದರಲ್ಲಿ ದೀಪ ಹತ್ತಿತು. ಸೋರಿಕೆ ಅಳೆಯುವ ಮೀಟರೊಂದನ್ನು ತಮ್ಮ ತಂದರು, ಓಡಿದ ಮೇಲಿನ ಕೊನೆಯ ಪರೀಕ್ಷೆ ಈಗ ಅದರದು. ಉಸ್ತಾದರ ವಿಷಯ ಹಳ್ಳಿಗಳಿಗೆ ತಾನಾಗಿ ಮುಟ್ಟಿತು. ಕೆಲವರು ಹೀಗೆ ತರಿಸಿ ನೋಡಿದ್ದಕ್ಕೆ ಮೆಚ್ಚಿದರು, ಕೆಲವರು ಬರುವುದನ್ನು ಬಿಟ್ಟರು. ಎರಡನೆಯವರೇ ಹೆಚ್ಚು.

ನಾನು ಕೊನೆಯ ಸಲ ಪಾಠಕ್ಕೆ ಹೋದ ದಿನ ಹಳೆಯ ಗಿರಾಕಿಯೊಬ್ಬರು ಮೋಟರ್ ಒಯ್ಯಲು ಬಂದಿದ್ದರು. ಬಹಳ ದೂರದ ಊರಿನವರು, ಅವರಿಗೆ ಯಾವ ಸುದ್ದಿಯೂ ಮುಟ್ಟಿರಲಿಲ್ಲ. ತಮ್ಮ ಮೀಟರ್ ಇಟ್ಟು ಮುಳ್ಳು ತೋರಿಸಿದರು, ಎಲ್ಲ ಸರಿ ಇದೆ ಎಂದರು. ಗಿರಾಕಿ ಮುಳ್ಳನ್ನು ನೋಡಲೇ ಇಲ್ಲ.

“ಅದೆಲ್ಲಾ ಇರಲಿ. ಉಸ್ತಾದ್ರ, ನೀವೊಮ್ಮೆ ಕೈಯಾಡಿಸ್ರಿ. ಒಯ್ತೇನಿ.”

ಸುಮ್ಮನೆ ಸವರಿಬಿಟ್ಟರೆ ಆಗುತ್ತಿತ್ತು. ಮೋಟರ್ ಸರಿಯಾಗಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ತಮ್ಮನೂ ಹಾಗೆ ಮಾಡೆಂದು ಅಣ್ಣನನ್ನು ಕಣ್ಣಿನಲ್ಲೇ ಬೇಡಿಕೊಂಡರು.

“ಇಲ್ಲ,” ಎಂದರು ಉಸ್ತಾದರು.

ಗಿರಾಕಿ ಎರಡು ಸಲ ಕೇಳಿದರು, ಎರಡು ಸಲವೂ ಅದೇ ಉತ್ತರ. ಅವರು ಮೋಟರನ್ನು ಹೊತ್ತುಕೊಂಡು, ಅಲ್ಲಿ ಒಮ್ಮೆ ನೋಡಿಸುತ್ತೇನೆ ಎಂದು ಎದುರಿನ ಅಂಗಡಿಗೆ ನಡೆದರು. ಉಸ್ತಾದರು ಅವರು ರಸ್ತೆ ದಾಟುವವರೆಗೆ ನೋಡುತ್ತಿದ್ದರು. ಆಮೇಲೆ ಮೇಜಿನ ಕಡೆ ತಿರುಗಿ ಇನ್ನೊಂದು ಮೋಟರಿಗೆ ತಂತಿ ಜೋಡಿಸಿ, ಎರಡೂ ಕೈ ಹಿಂದೆ ತೆಗೆದುಕೊಂಡು, ಪವರ್ ಎಂದರು.